ಕೀಲಿಮಣೆಯ ಕಾಲುದಾರಿಗಳು

ಹೆದ್ದಾರಿಯು ಎಲ್ಲರಿಗೂ ಕಾಣುತ್ತದೆ; ಕಾಲುದಾರಿಯಾದರೋ ನಡೆದವರಿಗೆ ಮಾತ್ರ ಗೊತ್ತು. ಸುತ್ತಲ ಹಳ್ಳಿಗಳಿಂದ ನಮ್ಮ ಶಾಲೆಗೆ ನಡೆದು ಬರುತ್ತಿದ್ದ ಹುಡುಗರು ಬಸ್ಸಿನ ರಸ್ತೆಯನ್ನು ನೆಚ್ಚಿಕೊಂಡವರಲ್ಲ. ರಾಗಿಹೊಲದ ಬದು, ಹಿಪ್ಪುನೇರಳೆ ತೋಟದ ಅಂಚು, ಕೆರೆಯ ಏರಿ, ಬಂಡೆಯ ಮಗ್ಗುಲು, ಹೀಗೆ ಅವರ ದಾರಿ ಸಾಗುತ್ತಿತ್ತು. ಬಸ್ಸು ಮೂರು ಊರು ಸುತ್ತಿ ಬರುವಷ್ಟರಲ್ಲಿ ಅವರು ಕೈಕಾಲು ತೊಳೆದು ಪ್ರಾರ್ಥನೆಗೆ ನಿಂತಿರುತ್ತಿದ್ದರು. ಇಂಗ್ಲಿಷಿನ 'ಷಾರ್ಟ್‌ಕಟ್' ಎಂಬ ಮಾತನ್ನು ಕೆಲವರು 'ಅಡ್ಡದಾರಿ' ಎಂದು ಕನ್ನಡಿಸುವುದನ್ನು ನೋಡಿದಾಗಲೆಲ್ಲ ನನಗೆ ಈ ಹುಡುಗರ ನೆನಪಾಗುತ್ತದೆ. ಅಡ್ಡದಾರಿ ಹಿಡಿದವನೆಂದರೆ ನಮ್ಮಲ್ಲಿ ಕೆಟ್ಟವನೆಂದೇ ಅರ್ಥ. ಕಾಲುದಾರಿಗೆ ಅಂತಹ ಕಳಂಕವಿಲ್ಲ. ಅದು ಶ್ರಮವನ್ನು ತಪ್ಪಿಸಿಕೊಳ್ಳುವವನ ದಾರಿಯಲ್ಲ. ನೆಲವನ್ನು ಚೆನ್ನಾಗಿ ಬಲ್ಲವನ ದಾರಿ. ಗಣಕಯಂತ್ರದ ಕೀಲಿಮಣೆಯಲ್ಲಿಯೂ ಇಂತಹ ಕಾಲುದಾರಿಗಳುಂಟು. ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಇಳಿವಯಸ್ಸಿನಲ್ಲಿ ನನ್ನ ಕೈಹಿಡಿದು ನಡೆಸಿದ ಆ ದಾರಿಗಳನ್ನು ಕುರಿತು ಬರೆಯುವುದೇ ಉಚಿತವೆಂದು ನನಗೆ ತೋರಿತು.

ನಾನು ಈ ಶಾಲೆಯ ವಿದ್ಯಾರ್ಥಿ. ಬಳಿಕ ಇಲ್ಲಿಯೇ ಉಪಾಧ್ಯಾಯನಾಗಿ 2016ರಲ್ಲಿ ನಿವೃತ್ತನಾದವನು. ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ನಮ್ಮ ಕಾಲದ ಬಹುಪಾಲು ಹುಡುಗರಂತೆ ನಾನೂ ಕನಕಪುರದ ಒಂದು ಬೆರಳಚ್ಚು ಶಾಲೆಗೆ ಸೇರಿದೆ. ಸರ್ಕಾರಿ ಗುಮಾಸ್ತೆಯ ಕೆಲಸಕ್ಕೆ 'ಟೈಪಿಂಗ್' ಒಂದು ಅರ್ಹತೆಯಾಗಿದ್ದ ದಿನಗಳು ಅವು. ಸಾಲಾಗಿ ಜೋಡಿಸಿದ ಗಾಡ್ರೆಜ್ ಯಂತ್ರಗಳು, ಮಳೆ ಹೊಯ್ದಂತಹ ಸದ್ದು, ಶಾಯಿಪಟ್ಟಿಯ ವಾಸನೆ, ಇವೆಲ್ಲ ಆ ಕಾಲದ ಸಣ್ಣ ಊರುಗಳಲ್ಲಿ ಬೆಳೆದವರಿಗೆ ಪರಿಚಿತವೇ. ಆ ಕಂಪನಿಯು ನಮ್ಮ ದೇಶದಲ್ಲಿ 1955ರಲ್ಲಿ ಬೆರಳಚ್ಚು ಯಂತ್ರವನ್ನು ತಯಾರಿಸಲಾರಂಭಿಸಿ 2009ರಲ್ಲಿ ನಿಲ್ಲಿಸಿತು. ಯಂತ್ರ ಹೋಯಿತು, ಅದು ಕಲಿಸಿದ ಪಾಠ ಉಳಿಯಿತು. ನಮ್ಮ ಗುರುಗಳು ಮೊದಲ ದಿನವೇ ಕೀಲಿಗಳ ಮೇಲೆ ಬಟ್ಟೆ ಮುಚ್ಚಿ, "ಕಣ್ಣು ಹಾಳೆಯ ಮೇಲಿರಲಿ, ಬೆರಳು ತನ್ನ ಮನೆಯನ್ನು ತಾನೇ ಹುಡುಕಿಕೊಳ್ಳಲಿ" ಎನ್ನುತ್ತಿದ್ದರು.

ಈ ಮಾತಿನ ಹಿಂದೆ ಒಂದು ಇತಿಹಾಸವಿದೆ. ಇಂದಿಗೂ ಬಳಕೆಯಲ್ಲಿರುವ ಇಂಗ್ಲಿಷ್ ಅಕ್ಷರಗಳ ಜೋಡಣೆಯ ಮೂಲವು ಅಮೆರಿಕದ ಕ್ರಿಸ್ಟೋಫರ್ ಷೋಲ್ಸ್ ಎಂಬುವರು 1868ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿದೆ. ಅದನ್ನು ಸುಧಾರಿಸಿ ರೆಮಿಂಗ್ಟನ್ ಕಂಪನಿಯವರು 1874ರಲ್ಲಿ ಮಾರುಕಟ್ಟೆಗೆ ತಂದರು. 1888ರಲ್ಲಿ ಸಿನ್ಸಿನಾಟಿ ನಗರದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಫ್ರಾಂಕ್ ಮೆಗರಿನ್ ಎಂಬ ನ್ಯಾಯಾಲಯದ ಶೀಘ್ರಲಿಪಿಕಾರನು ಕೀಲಿಗಳನ್ನು ನೋಡದೆಯೇ ಬೆರಳಚ್ಚು ಮಾಡಿ, ನೋಡಿ ಮಾಡುತ್ತಿದ್ದವನನ್ನು ಸೋಲಿಸಿದನು. ನೋಡದ ಕೈ ನೋಡುವ ಕೈಯನ್ನು ಮೀರಬಲ್ಲದು ಎಂಬುದು ಆ ದಿನ ಸಿದ್ಧವಾಯಿತು.

ನಮ್ಮ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ. ರಾಮನಗರದ ನೂಲು ಬಿಚ್ಚುವ ಹೆಣ್ಣುಮಕ್ಕಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡಿನಿಂದ ರೇಷ್ಮೆಯ ಎಳೆಯ ತುದಿಯನ್ನು ಎತ್ತುವುದು ಬೆರಳಿನ ಅರಿವಿನಿಂದ. ಕಣ್ಣಿಗೆ ಆ ಎಳೆ ಕಂಡೂ ಕಾಣದಂತಿರುತ್ತದೆ. ಚನ್ನಪಟ್ಟಣದ ಕುಶಲಿಯು ತಿರುಗುವ ಮರದ ತುಂಡಿಗೆ ಅರಗಿನ ಬಣ್ಣವನ್ನು ಒತ್ತುವಾಗ ಎಷ್ಟು ಒತ್ತಬೇಕೆಂಬುದನ್ನು ಅಳತೆಗೋಲಿನಿಂದ ತಿಳಿಯುವುದಿಲ್ಲ. ಕೈಗೆ ಬಂದ ವಿದ್ಯೆ ಮನಸ್ಸನ್ನು ಬೇರೆ ಕೆಲಸಕ್ಕೆ ಬಿಡುಗಡೆ ಮಾಡುತ್ತದೆ. ಬೆರಳಚ್ಚಿನ ಸಾರವೂ ಇದೇ.

ಇನ್ನು ಕನ್ನಡದ ಮಾತು. ಬೆರಳಚ್ಚು ಯಂತ್ರದಲ್ಲಿರುವ ಕೀಲಿಗಳು ನಲವತ್ತೈದರ ಆಸುಪಾಸು. ಕನ್ನಡದ ಅಕ್ಷರ, ಗುಣಿತ, ಒತ್ತುಗಳನ್ನೆಲ್ಲ ಅಷ್ಟರಲ್ಲಿ ಅಡಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ಆ ಸಾಹಸವನ್ನು ಕೈಗೊಂಡು ಕನ್ನಡ ಬೆರಳಚ್ಚಿಗೆ ಕೀಲಿಮಣೆಯನ್ನು ರೂಪಿಸಿಕೊಟ್ಟವರು ಅನಂತ ಸುಬ್ಬರಾಯರು. ಮುಂದೆ ಗಣಕಯಂತ್ರ ಬಂದಾಗ ಕೆ.ಪಿ. ರಾಯರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿಗಳೇಕೆ, ವ್ಯಂಜನಕ್ಕೆ ವ್ಯಂಜನ ಸೇರಿದರೆ ಒತ್ತು ತಾನಾಗಿಯೇ ಹುಟ್ಟಬೇಕಲ್ಲವೆ ಎಂದು ಅವರು ಯೋಚಿಸಿದರು. ಅವರ ಜೋಡಣೆಯಲ್ಲಿ ಇಂಗ್ಲಿಷಿನ 'ಕೆ' ಒತ್ತಿದರೆ ಕ, 'ಎಫ್' ಒತ್ತಿದರೆ ಮುಂದಿನ ವ್ಯಂಜನ ಹಿಂದಿನದಕ್ಕೆ ಒತ್ತಾಗಿ ಕೂಡುತ್ತದೆ. ವ್ಯಾಕರಣವನ್ನೇ ಕೀಲಿಮಣೆಯೊಳಗೆ ಇರಿಸಿದ ಈ ಜೋಡಣೆಯನ್ನು ಕರ್ನಾಟಕ ಸರ್ಕಾರವು ಅಧಿಕೃತವೆಂದು ಒಪ್ಪಿತು. 'ನುಡಿ' ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು. ಈ ಶಾಲೆಯ ಪ್ರಶ್ನಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಕುಟ್ಟಿ ಸೈಕ್ಲೋಸ್ಟೈಲ್ ಮಾಡುತ್ತಿದ್ದ ನನ್ನ ಕೈಗೆ ಇದು ಹೊಸ ಉತ್ಸಾಹವನ್ನು ತಂದಿತೆಂದರೆ ಅತಿಶಯೋಕ್ತಿಯಾಗಲಾರದು.

ದಾನಿಗಳ ನೆರವಿನಿಂದ ನಮ್ಮ ಶಾಲೆಗೆ ಗಣಕಯಂತ್ರಗಳು ಬಂದಾಗ ಎಲ್ಲರ ಕಣ್ಣೂ ಬಿದ್ದದ್ದು ಮೌಸಿನ ಮೇಲೆ. ಅದರ ಜನ್ಮವೃತ್ತಾಂತವು ಸ್ವಾರಸ್ಯವಾದುದು. ಡಗ್ಲಾಸ್ ಎಂಗೆಲ್ಬರ್ಟ್ ಎಂಬ ಅಮೆರಿಕದ ವಿಜ್ಞಾನಿಯ ಕಲ್ಪನೆಯಂತೆ 1964ರಲ್ಲಿ ಸಿದ್ಧವಾದ ಮೊದಲ ಮೌಸು ಒಂದು ಮರದ ತುಂಡು. ಅಡಿಯಲ್ಲಿ ಎರಡು ಚಕ್ರ, ಮೇಲೊಂದು ಗುಂಡಿ. ಚನ್ನಪಟ್ಟಣದ ಅಂಗಡಿಯಲ್ಲಿಟ್ಟಿದ್ದರೆ ಆಟಿಕೆಯೆಂದೇ ಕೊಳ್ಳುತ್ತಿದ್ದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವರು ಅದನ್ನು ವಿದ್ವಜ್ಜನರ ಮುಂದೆ ಪ್ರದರ್ಶಿಸಿದರು. ಆದರೆ ಅಂದು ಅವರ ಬಲಗೈಯಲ್ಲಿ ಮೌಸು ಇದ್ದಂತೆಯೇ ಎಡಗೈಯ ಕೆಳಗೆ ಐದು ಕೀಲಿಗಳ ಒಂದು ಪುಟ್ಟ ಮಣೆಯೂ ಇತ್ತು. ನಡುವೆ ಕೀಲಿಮಣೆ ಇದ್ದೇ ಇತ್ತು. ಒಂದು ತೋರಿಸಲು, ಮತ್ತೊಂದು ಆಜ್ಞಾಪಿಸಲು. ಲೋಕವು ಮೌಸನ್ನು ಎತ್ತಿಕೊಂಡು ಎಡಗೈಯ ಮಣೆಯನ್ನು ಮರೆತುಬಿಟ್ಟಿತು.

ಅಂತರಜಾಲಕ್ಕೂ ಹುಟ್ಟಿನಿಂದಲೇ ಮೌಸು ಬೇಕಾಗಿರಲಿಲ್ಲ. ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದ ಮೇಲೆ, 1991ರಲ್ಲಿ ಸಾಮಾನ್ಯ ಯಂತ್ರಗಳಿಗಾಗಿ ಬಂದ ಜಾಲದರ್ಶಕವು ಬರಿಯ ಅಕ್ಷರಗಳನ್ನಷ್ಟೆ ತೋರಿಸುತ್ತಿತ್ತು. ಕೊಂಡಿಗಳಿಗೆ ಅಂಕೆಗಳಿದ್ದವು, ಅಂಕೆಯನ್ನು ಒತ್ತಿದರೆ ಆ ಪುಟ ತೆರೆಯುತ್ತಿತ್ತು. ಚಿತ್ರ, ಬಣ್ಣ, ಬಾಣದ ಗುರುತು ಮನೆಮಾತಾದುದು 1993ರಲ್ಲಿ ಮೊಸಾಯಿಕ್ ಬಂದ ನಂತರ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ಮೌಸು ಪಟ್ಟಕ್ಕೇರಿತ್ತು. ಆದುದರಿಂದ ನಮ್ಮವರು ಜಾಲವನ್ನು ಮೊದಲಿನಿಂದಲೂ ಬಾಣವನ್ನು ಎಳೆದಾಡಿಯೇ ಓದಲು ಕಲಿತರು. ಕೀಲಿಗಳ ದಾರಿ ಅಳಿಯಲಿಲ್ಲ, ಹುಲ್ಲು ಮುಚ್ಚಿಕೊಂಡಿತು, ಅಷ್ಟೆ.

ನಾನಾದರೂ ಆ ಹುಲ್ಲನ್ನು ಸರಿಸಿ ನೋಡಬೇಕಾದ ಪ್ರಸಂಗ ಬಂದುದು ನಿವೃತ್ತಿಯ ನಂತರ. 2019ರ ವೇಳೆಗೆ ನನ್ನ ಬಲಗೈ ನಡುಗಲಾರಂಭಿಸಿತು. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕಾಯಿತು. ಪ್ರಾಣಾಪಾಯವಿಲ್ಲ, ಆದರೆ ಪೂರ್ತಿ ವಾಸಿಯಾಗುವಂಥದೂ ಅಲ್ಲ ಎಂದು ವೈದ್ಯರು ತಿಳಿಸಿದರು. ಲೋಟದ ಮಾತು ಹೋಗಲಿ. ನನಗೆ ದುಃಖವಾದುದು ಓದು ಕೈತಪ್ಪಿದ್ದಕ್ಕೆ. ಪತ್ರಿಕೆ, ನಿಘಂಟು, ಹಳೆಯ ಪುಸ್ತಕಗಳು, ದೂರದೂರಿನ ಶಿಷ್ಯರ ಪತ್ರಗಳು, ಎಲ್ಲವೂ ಆ ವೇಳೆಗೆ ಗಣಕಯಂತ್ರದೊಳಗೆ ಸೇರಿದ್ದವು. ಬಾಣವನ್ನು ಒಂದು ಕೊಂಡಿಯ ಮೇಲೆ ನಿಲ್ಲಿಸಲು ಹೋದರೆ ಅದು ಪಕ್ಕದ ಜಾಹೀರಾತಿನ ಮೇಲೆ ಕುಳಿತುಕೊಳ್ಳುವುದು. ನೆರೆಯವರು ಪಹಣಿ ತೆಗೆದುಕೊಡಿರೆಂದು ಬಂದರೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ನಾಲ್ಕು ಕಡೆ ಆಯ್ಕೆ ಮಾಡುವಷ್ಟರಲ್ಲಿ ಕೈ ಸೋತುಹೋಗುವುದು. ಕ್ರಮೇಣ ಯಂತ್ರದ ಮೇಲೆ ಬಟ್ಟೆ ಹೊದಿಸಿದೆ. ಓದುವ ಕಣ್ಣಿದೆ, ಓದಬೇಕೆಂಬ ಮನಸ್ಸಿದೆ, ಪುಟ ತಿರುವುವ ಕೈಯಿಲ್ಲ ಎಂಬ ಸ್ಥಿತಿ ಒಬ್ಬ ಉಪಾಧ್ಯಾಯನಿಗೆ ಎಂತಹುದೆಂಬುದನ್ನು ಉಪಾಧ್ಯಾಯ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಆ ದಿನಗಳಲ್ಲೇ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಾಮನಗರದ ನನ್ನ ಮನೆಗೆ ಬಂದನು. ಚನ್ನಪಟ್ಟಣದ ಕಡೆಯ ಹುಡುಗ. ಅಕ್ಷಿಪಟಲದ ಕಾಯಿಲೆಯಿಂದ ಕಾಲೇಜಿನ ದಿನಗಳಲ್ಲೇ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡು, ಆದರೂ ಓದು ಬಿಡದೆ, ಇಂದು ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ನನ್ನ ಕೈಯ ವಿಚಾರವನ್ನು ಕೇಳಿದವನೇ, "ಮೇಷ್ಟ್ರೇ, ಯಂತ್ರ ಎಲ್ಲಿದೆ, ನನ್ನನ್ನು ಅದರ ಮುಂದೆ ಕೂರಿಸಿ" ಎಂದನು. ಪರದೆಯ ಬೆಳಕನ್ನು ಹಚ್ಚುವುದೂ ಅವನಿಗೆ ಬೇಕಾಗಿರಲಿಲ್ಲ. ತನ್ನ ಚೀಲದಿಂದ ಒಂದು ಸಣ್ಣ ಕಡ್ಡಿಯನ್ನು ತೆಗೆದು ಯಂತ್ರಕ್ಕೆ ಚುಚ್ಚಿದನು. ಪರದೆಯ ಮೇಲಿನ ಬರಹವನ್ನು ಯಂತ್ರವೇ ಓದಿ ಹೇಳತೊಡಗಿತು. ಅವನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಎರಡೇ ನಿಮಿಷದಲ್ಲಿ ಅಂದಿನ ಕನ್ನಡ ಪತ್ರಿಕೆಯ ತಲೆಬರಹಗಳನ್ನೆಲ್ಲ ಕೇಳಿ, ಬೇಕಾದ ಸುದ್ದಿಯೊಂದನ್ನು ತೆರೆದು ನನಗೆ ಓದಿಸಿದನು. ಮೌಸು ಮೂಲೆಯಲ್ಲಿ ಬಿದ್ದಿತ್ತು.

"ನೀನು ಇದನ್ನೆಲ್ಲ ಯಾರಿಂದ ಕಲಿತೆಯಪ್ಪ?" ಎಂದೆ. "ನೀವೇ ಹೇಳುತ್ತಿದ್ದಿರಲ್ಲ ಮೇಷ್ಟ್ರೇ, ಬೆರಳು ತನ್ನ ಮನೆಯನ್ನು ತಾನೇ ಹುಡುಕಿಕೊಳ್ಳಬೇಕು ಅಂತ" ಎಂದನು. ನನ್ನ ಗುರುಗಳ ಮಾತನ್ನು ನಾನು ಎಂದೋ ತರಗತಿಯಲ್ಲಿ ಆಡಿದ್ದಿರಬೇಕು. ಆ ಮೇಲೆ ನಾಲ್ಕಾರು ಭಾನುವಾರಗಳು ಅವನು ರೈಲಿನಲ್ಲಿ ಬಂದು ನನಗೆ ಪಾಠ ಹೇಳಿದನು.

ಅವನು ಕಲಿಸಿದ್ದರಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಬರೆಯುತ್ತೇನೆ. ವಿಂಡೋಸ್ ಯಂತ್ರದಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಂಬ ಮೂರು ಜಾಲದರ್ಶಕಗಳಲ್ಲಿಯೂ ಇವು ನಡೆಯುತ್ತವೆ. ಮೊದಲನೆಯದು ನಡಿಗೆ. ಸ್ಪೇಸ್ ಪಟ್ಟಿಯನ್ನು ಒತ್ತಿದರೆ ಪುಟವು ಒಂದು ಪರದೆಯಷ್ಟು ಮೇಲಕ್ಕೆ ಸರಿದು ಮುಂದಿನ ಭಾಗ ಕಾಣುತ್ತದೆ. ಶಿಫ್ಟಿನೊಡನೆ ಒತ್ತಿದರೆ ಹಿಂದಿನ ಭಾಗಕ್ಕೆ ಮರಳುತ್ತದೆ. ಹೋಮ್ ಎಂದರೆ ಪುಟದ ತಲೆ, ಎಂಡ್ ಎಂದರೆ ಬುಡ. ಟ್ಯಾಬ್ ಕೀಲಿಯು ಒಂದು ಕೊಂಡಿಯಿಂದ ಮತ್ತೊಂದಕ್ಕೆ ಕರೆದೊಯ್ಯುತ್ತದೆ. ನಿಂತ ಕೊಂಡಿಯ ಸುತ್ತ ಒಂದು ಗೆರೆ ಮೂಡುತ್ತದೆ. ಎಂಟರ್ ಒತ್ತಿದರೆ ಅದು ತೆರೆಯುತ್ತದೆ. ಶಿಫ್ಟಿನೊಡನೆ ಟ್ಯಾಬ್ ಒತ್ತಿದರೆ ಹಿಮ್ಮುಖ ನಡಿಗೆ. ಓದಿ ಮುಗಿದ ಮೇಲೆ ಹಿಂದಿನ ಪುಟಕ್ಕೆ ಹೋಗಲು ಆಲ್ಟ್ ಕೀಲಿಯೊಡನೆ ಎಡಬಾಣ, ಮತ್ತೆ ಮುಂದಕ್ಕೆ ಬರಲು ಬಲಬಾಣ.

ಎರಡನೆಯದು ಬಾಗಿಲುಗಳನ್ನು ತೆರೆದು ಮುಚ್ಚುವುದು. ಕಂಟ್ರೋಲ್ ಕೀಲಿಯೊಡನೆ 'ಟಿ' ಎಂದರೆ ಹೊಸ ಹಾಳೆ, 'ಡಬ್ಲ್ಯು' ಎಂದರೆ ಇದ್ದ ಹಾಳೆಯನ್ನು ಮುಚ್ಚುವುದು. ಮುಚ್ಚಿದ ಹಾಳೆ ಮತ್ತೆ ಬೇಕೆನಿಸಿದರೆ ಕಂಟ್ರೋಲ್, ಶಿಫ್ಟ್, 'ಟಿ' ಮೂರನ್ನೂ ಒತ್ತಬೇಕು. ಹೋದದ್ದು ತಿರುಗಿ ಬರುತ್ತದೆ. ಕಂಟ್ರೋಲಿನೊಡನೆ ಟ್ಯಾಬ್ ಒತ್ತಿದರೆ ತೆರೆದ ಹಾಳೆಗಳ ನಡುವೆ ಸಂಚಾರ. 1ರಿಂದ 8ರವರೆಗಿನ ಅಂಕೆಯನ್ನು ಒತ್ತಿದರೆ ಆ ಸಂಖ್ಯೆಯ ಹಾಳೆ, 9 ಒತ್ತಿದರೆ ಕಟ್ಟಕಡೆಯದು. ಕಂಟ್ರೋಲಿನೊಡನೆ 'ಎಲ್' ಒತ್ತಿದರೆ ವಿಳಾಸದ ಪಟ್ಟಿಗೆ ನೇರ ಪ್ರವೇಶ. ಹುಡುಕಬೇಕಾದ ಮಾತನ್ನು ಅಲ್ಲಿಯೇ ಬರೆಯಬಹುದು. 'ಡಿ' ಒತ್ತಿದರೆ ಪುಟಕ್ಕೆ ಗುರುತಿನ ನವಿಲುಗರಿ ಇಟ್ಟಂತೆ. ಕಂಟ್ರೋಲಿನೊಡನೆ ಕೂಡುವ ಚಿಹ್ನೆ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಕಳೆಯುವ ಚಿಹ್ನೆಗೆ ಚಿಕ್ಕದಾಗುತ್ತದೆ, ಸೊನ್ನೆಗೆ ಯಥಾಸ್ಥಿತಿ. ಕನ್ನಡಕ ಮರೆತು ಬಂದ ಹಿರಿಯರಿಗೆ ಇದೊಂದೇ ಸಾಕು.

ಅರ್ಜಿಗಳನ್ನು ತುಂಬುವಲ್ಲಿಯೂ ಒಂದು ಉಪಾಯವುಂಟು. ಊರುಗಳ ಉದ್ದನೆಯ ಪಟ್ಟಿ ಇಳಿಬಿದ್ದಿರುವ ಕಡೆ ಬಾಣದಿಂದ ತಡಕಾಡಬೇಕಾಗಿಲ್ಲ. ಹೆಸರಿನ ಮೊದಲ ಒಂದೆರಡು ಅಕ್ಷರಗಳನ್ನು ಒತ್ತಿದರೆ ಪಟ್ಟಿ ತಾನೇ ಕನಕಪುರದ ಮೇಲೋ ಮಾಗಡಿಯ ಮೇಲೋ ಬಂದು ನಿಲ್ಲುತ್ತದೆ. ಪಟ್ಟಿ ಕನ್ನಡದಲ್ಲಿದ್ದರೆ ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಮೊದಲು ಕನ್ನಡ ಕೀಲಿಮಣೆಗೆ ಬದಲಾಯಿಸಿಕೊಳ್ಳಬೇಕು.

ನನ್ನ ನಡುಗುವ ಕೈಗೆ ಇಷ್ಟೂ ಸಾಲದಾಯಿತು. ಒಂದು ಕೀಲಿಯನ್ನು ಒತ್ತಿದರೆ ಅಕ್ಷರವು ಎರಡು ಮೂರು ಬಾರಿ ಬೀಳುತ್ತಿತ್ತು. ಅದಕ್ಕೂ ಅವನಲ್ಲಿ ಮದ್ದಿತ್ತು. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಅದುಮಿ ಹಿಡಿದರೆ, ಚಣಮಾತ್ರದ ಹಾಗೂ ಮರುಕಳಿಸುವ ಒತ್ತುಗಳನ್ನು ಯಂತ್ರವು ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಏರ್ಪಾಡು ಬೇಕೇ ಎಂದು ಅದು ಕೇಳುತ್ತದೆ. ಶಿಫ್ಟನ್ನು ಐದು ಬಾರಿ ತಟ್ಟಿದರೆ, ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಹಿಡಿಯಲಾಗದವರು ಒಂದಾದ ಮೇಲೊಂದರಂತೆ ಒತ್ತುವ ಅನುಕೂಲ ದೊರೆಯುತ್ತದೆ. ಒಂದೇ ಕೈಯುಳ್ಳವರಿಗೆ ಇದು ವರದಾನ. ಇವೆರಡೂ 1995ರ ವಿಂಡೋಸಿನಿಂದಲೇ ಯಂತ್ರದೊಳಗೆ ಇವೆ. ಇಷ್ಟು ಕಾಲ ನಮ್ಮ ಎದುರಿಗೇ ಇದ್ದ ಸೌಕರ್ಯವನ್ನು ನಮಗೆ ತೋರಿಸಿಕೊಡಲು ದೃಷ್ಟಿಯಿಲ್ಲದವನು ಬರಬೇಕಾಯಿತು.

ಅವನು ಬಳಸುವ ಪರದೆ ಓದುವ ತಂತ್ರಾಂಶದ ಹೆಸರು ಎನ್.ವಿ.ಡಿ.ಎ. ಅದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಮುಂದೆ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ದೃಷ್ಟಿಯಿಲ್ಲದವರು. ತಂತ್ರಾಂಶಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಪಡೆಯಬಹುದು, ಕನ್ನಡವನ್ನೂ ಅದು ಓದುತ್ತದೆ. ಅದರಲ್ಲಿ 'ಎಚ್' ಒತ್ತಿದರೆ ಮುಂದಿನ ತಲೆಬರಹ, 'ಕೆ' ಒತ್ತಿದರೆ ಮುಂದಿನ ಕೊಂಡಿ, 'ಟಿ' ಒತ್ತಿದರೆ ಮುಂದಿನ ಕೋಷ್ಟಕ; ಶಿಫ್ಟ್ ಸೇರಿಸಿದರೆ ಹಿಂದಿನದು. ನನಗೆ ಕಾಲುದಾರಿಯಾದುದು ಅವನಿಗೆ ಇರುವ ಒಂದೇ ದಾರಿ. ಈ ವ್ಯತ್ಯಾಸವನ್ನು ಮನಗಂಡ ಮೇಲೆ ಇದನ್ನು ಬರಿಯ ಅನುಕೂಲದ ವಿಷಯವೆಂದು ನಾನು ಭಾವಿಸಲಾರದಾದೆ.

ಹೀಗೆನ್ನಲು ಕಾರಣವಿದೆ. ಒಮ್ಮೆ ಒಂದು ಸಂಸ್ಥೆಯ ಜಾಲತಾಣದಲ್ಲಿ ಅರ್ಜಿಯೊಂದನ್ನು ನಾವಿಬ್ಬರೂ ಕೂಡಿ ತುಂಬುತ್ತಿದ್ದೆವು. ಹೆಸರು, ವಿಳಾಸ, ದಿನಾಂಕಗಳೆಲ್ಲ ಸರಿಯಾಗಿ ನಡೆದವು. ಕಡೆಯಲ್ಲಿದ್ದ 'ಸಲ್ಲಿಸಿ' ಎಂಬ ಗುಂಡಿಗೆ ಮಾತ್ರ ಟ್ಯಾಬ್ ಕೀಲಿ ಹೋಗಲೊಲ್ಲದು. ಅದರ ಮೇಲಿನ ಪೆಟ್ಟಿಗೆಯಿಂದ ಹಾರಿ ಪುಟದ ತಲೆಗೆ ಹೋಗಿಬಿಡುವುದು. ಆ ಗುಂಡಿಯನ್ನು ಮೌಸಿನಿಂದಷ್ಟೆ ಒತ್ತಲು ಬರುವಂತೆ ರಚಿಸಿದ್ದರು. ನನ್ನ ಕೈ ನಡುಗುತ್ತಿತ್ತು, ಅವನಿಗೆ ಗುಂಡಿ ಕಾಣುತ್ತಿರಲಿಲ್ಲ. ಹತ್ತು ನಿಮಿಷ ಹೆಣಗಾಡಿ, ಪಕ್ಕದ ಮನೆಯ ಮಗುವನ್ನು ಕರೆದು ಒತ್ತಿಸಿದೆವು. ಮಗು ಅರೆಗಳಿಗೆಯಲ್ಲಿ ಒತ್ತಿ ಆಟಕ್ಕೆ ಓಡಿತು. ಅವನು ನಕ್ಕು, "ಬ್ಯಾಂಕಿನಲ್ಲಿ ಲಕ್ಷಾಂತರ ರೂಪಾಯಿ ಸಾಲವನ್ನು ನಾನು ಮಂಜೂರು ಮಾಡುತ್ತೇನೆ ಮೇಷ್ಟ್ರೇ, ಇಲ್ಲಿ ಒಂದು ಗುಂಡಿ ಒತ್ತಲಾರೆ" ಎಂದನು. ಆ ನಗೆಯನ್ನು ನಾನು ಮರೆತಿಲ್ಲ.

ಮೌಸಿಲ್ಲದೆ ಕೀಲಿಗಳಿಂದಲೇ ಪುಟದ ಎಲ್ಲ ಕಾರ್ಯಗಳೂ ನಡೆಯುವಂತಿರಬೇಕು ಎಂಬುದು ವಿಶ್ವವ್ಯಾಪಿ ಜಾಲದ ಒಕ್ಕೂಟವು 2008ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಸ್ಪಷ್ಟವಾಗಿದೆ. ಭಾರತ ಸರ್ಕಾರವೂ ತನ್ನ ಜಾಲತಾಣಗಳಿಗಾಗಿ 2009ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೆ ಎಟುಕುವಂತಿರಬೇಕೆಂದು ವಿಧಿಸುತ್ತದೆ. ಸೂತ್ರವಿದೆ, ಮಾರ್ಗಸೂಚಿಯಿದೆ, ಶಾಸನವಿದೆ. ಪುಟವನ್ನು ಕಟ್ಟುವವನು ಒಮ್ಮೆ ಮೌಸನ್ನು ಪಕ್ಕಕ್ಕಿಟ್ಟು ತನ್ನ ಪುಟದಲ್ಲಿ ತಾನೇ ನಡೆದು ನೋಡಿದರೆ ಅವೆಲ್ಲ ಜೀವ ಪಡೆಯುತ್ತವೆ.

ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳಬೇಕು. ಕಂಟ್ರೋಲಿನೊಡನೆ 'ಎಫ್' ಒತ್ತಿ ಒಂದು ಪದವನ್ನು ಬರೆದರೆ, ಎಷ್ಟೇ ದೊಡ್ಡ ಪುಟದಲ್ಲಿದ್ದರೂ ಆ ಪದವಿರುವ ಸ್ಥಳಕ್ಕೆ ಯಂತ್ರವು ಕರೆದೊಯ್ಯುತ್ತದೆ. ಇದನ್ನು ಕಾಲುದಾರಿಗಳ ರಾಜನೆನ್ನಬಹುದು. ಆದರೆ ಕನ್ನಡದಲ್ಲಿ ಇದು ಫಲಿಸಬೇಕಾದರೆ ಬರಹವು ಯೂನಿಕೋಡಿನಲ್ಲಿರಬೇಕು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯೇ ಮೀಸಲಾಗಿದೆ. ಅದಕ್ಕೆ ಮುಂಚಿನ ಹಾಗೂ ಅದನ್ನು ಅನುಸರಿಸದ ಅಕ್ಷರವಿನ್ಯಾಸಗಳಲ್ಲಿ, ಕಣ್ಣಿಗೆ ಕಾಣುವುದು ಕನ್ನಡವಾದರೂ ಯಂತ್ರದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂತಹ ಕಡತದಲ್ಲಿ 'ಅರ್ಕಾವತಿ' ಎಂದು ಹುಡುಕಿದರೆ, ನದಿಯ ಹೆಸರು ಹತ್ತು ಸಲ ಬಂದಿದ್ದರೂ ಇಲ್ಲವೆಂದೇ ಉತ್ತರ. ಪರದೆ ಓದುವ ತಂತ್ರಾಂಶವೂ ಅದನ್ನು ಓದಲಾರದು. ಪುಟದ ಛಾಯಾಚಿತ್ರವನ್ನಷ್ಟೆ ಏರಿಸಿದ್ದರೂ ಇದೇ ಗತಿ. ಇಂದು ಛಾಯಾಚಿತ್ರದೊಳಗಿನ ಕನ್ನಡವನ್ನು ಗುರುತಿಸುವ ತಂತ್ರಾಂಶಗಳೂ, ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ದೊರೆಯುತ್ತವೆ. ತಪ್ಪುಗಳನ್ನು ತಿದ್ದುವ ಕೈ ಮಾತ್ರ ಬೇಕು.

ಇಷ್ಟನ್ನು ಓದಿದ ಮೇಲೆ, "ಈಗಿನ ಮಕ್ಕಳ ಕೈಯಲ್ಲಿ ಮೊಬೈಲಿದೆ, ಬೆರಳಿನಿಂದ ಸವರಿದರೆ ಸಾಕು, ಕೀಲಿಮಣೆಯ ಪಾಠ ಯಾರಿಗೆ ಬೇಕು?" ಎಂದು ಯಾರಾದರೂ ಕೇಳಬಹುದು. ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿಯೂ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಸುದ್ದಿ ನೋಡಲು, ಮಾತನಾಡಲು ಮೊಬೈಲು ಸಾಕು. ಆದರೆ ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದಕ್ಕೆ, ಒಂದು ಪ್ರಬಂಧವನ್ನು ಬರೆಯುವುದಕ್ಕೆ, ನೌಕರಿಯಲ್ಲಿ ದಿನವಿಡೀ ಕಡತಗಳೊಡನೆ ವ್ಯವಹರಿಸುವುದಕ್ಕೆ ಕೀಲಿಮಣೆ ಬೇಕೇ ಬೇಕು. ನಮ್ಮ ಹಳ್ಳಿಯ ಮಕ್ಕಳು ಬೆಂಗಳೂರಿನ ಕಚೇರಿಗಳಲ್ಲಿ ಮೊದಲ ದಿನ ಎದುರಿಸುವುದು ಇದನ್ನೇ.

ಉಳಿಯುವ ಸಮಯದ ಲೆಕ್ಕವನ್ನೂ ನಾನು ಹಾಕಿ ನೋಡಿದೆ. ಕೀಲಿಮಣೆಯಿಂದ ಕೈ ತೆಗೆದು ಮೌಸನ್ನು ಹಿಡಿದು ಬಾಣವನ್ನು ಹುಡುಕಿ ಮರಳುವುದಕ್ಕೆ 3 ಸೆಕೆಂಡು ಎಂದುಕೊಂಡರೆ, ದಿನಕ್ಕೆ 200 ಬಾರಿಗೆ 10 ನಿಮಿಷ, ವರ್ಷಕ್ಕೆ 60 ಗಂಟೆಗೆ ಮೀರಿ. ಆದರೆ ಲಾಭವಿರುವುದು ಗಂಟೆಗಳಲ್ಲಿ ಅಲ್ಲವೆಂದು ನನ್ನ ಅನುಭವ. ಓದುತ್ತಿರುವ ವಾಕ್ಯದಿಂದ ಮನಸ್ಸು ಕದಲುವುದಿಲ್ಲ. ಅದೇ ದೊಡ್ಡ ಲಾಭ. ಇದರಲ್ಲಿ ಒಂದು ಎಚ್ಚರವೂ ಬೇಕು. ದಾರಿ ಸುಲಭವಾಯಿತೆಂದು ಇಪ್ಪತ್ತು ಹಾಳೆಗಳನ್ನು ತೆರೆದು ಒಂದನ್ನೂ ಪೂರ್ತಿ ಓದದಿರುವವರನ್ನು ನಾನು ಕಂಡಿದ್ದೇನೆ. ತಲುಪುವುದರಲ್ಲಿ ವೇಗವಿರಲಿ, ಓದುವುದರಲ್ಲಿ ನಿಧಾನವಿರಲಿ.

ನಮ್ಮ ಜಿಲ್ಲೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಟ್ಟರು. ಹೆಸರು ಯಾವುದಾದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮಕ್ಕಳು ನಮ್ಮ ಶಾಲೆಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಮಂದದೃಷ್ಟಿಯವರೂ, ಕೈಯ ಊನವುಳ್ಳವರೂ ಇದ್ದೇ ಇರುತ್ತಾರೆ. ಅವರ ಪರವಾಗಿ ಮೂರು ಬಿನ್ನಹಗಳನ್ನು ಮಾಡಿ ವಿರಮಿಸುತ್ತೇನೆ.

ಉಪಾಧ್ಯಾಯ ಬಂಧುಗಳು ವಾರಕ್ಕೊಂದು ದಿನ, ಕಾಲು ಗಂಟೆಯಷ್ಟು ಕಾಲ, ಗಣಕಯಂತ್ರದ ಕೊಠಡಿಯಲ್ಲಿ ಮೌಸುಗಳನ್ನು ತೆಗೆದಿರಿಸಿ ಮಕ್ಕಳಿಗೆ ಕೀಲಿಗಳ ದಾರಿಯನ್ನು ಅಭ್ಯಾಸ ಮಾಡಿಸಲಿ. ಕನ್ನಡ ಕೀಲಿಮಣೆಯಿಂದಲೇ ಆರಂಭಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಅನೇಕರಿದ್ದಾರೆ. ಅವರು ಕೂಡಿ ಶಾಲೆಯ ಹಿಂದಿನ ಸ್ಮರಣ ಸಂಚಿಕೆಗಳನ್ನು ಯೂನಿಕೋಡಿಗೆ ತಂದು ಜಾಲತಾಣದಲ್ಲಿ ಇಡಲಿ. ಒಬ್ಬೊಬ್ಬರು ಒಂದೊಂದು ಸಂಚಿಕೆಯನ್ನು ವಹಿಸಿಕೊಂಡರೂ ಸಾಕು. ದಾನಿಗಳು ಯಂತ್ರಗಳನ್ನು ಕೊಡುವಾಗ ಅವುಗಳೊಡನೆ ಕಿವಿಗೆ ಹಾಕಿಕೊಳ್ಳುವ ಸಾಧನಗಳನ್ನೂ ಕೊಡಲಿ. ಪರದೆ ಓದುವ ತಂತ್ರಾಂಶಕ್ಕೆ ಹಣ ಬೇಕಾಗಿಲ್ಲ. ಕೇಳಿಸಿಕೊಳ್ಳಲು ಅದೊಂದೇ ಬೇಕಾದುದು.

ನನ್ನ ಶಿಷ್ಯನು ಮೊದಲ ಪಾಠವನ್ನು ಬಂದು ಹೇಳಿಕೊಡಲು ಒಪ್ಪಿದ್ದಾನೆ. ದಿನವನ್ನು ಶಾಲೆಯವರು ಗೊತ್ತುಪಡಿಸಬೇಕು. ಅಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ನಾನೂ ಬರುತ್ತೇನೆ.